ನಂದಿಯ ತಪ್ಪಲಲ್ಲಿ ಮೂರು ದಿನ: ದ್ರಾಕ್ಷಿ ತೋಟ, ಸೈಕಲ್, ವೈನ್ ರುಚಿ

ಪ್ರಶ್ನೆ: ನಾವು ಬಸವನಗುಡಿಯ ದಂಪತಿ, ಜೊತೆಗೆ ನನ್ನ ತಂಗಿ. ಫೆಬ್ರುವರಿಯಲ್ಲಿ ಮೂರು ದಿನ ರಜೆ ಹಾಕುತ್ತಿದ್ದೇವೆ. ಬ್ಯಾಗ್ ಏರಿಸಿಕೊಂಡು ನಂದಿಬೆಟ್ಟದ ಸುತ್ತಲಿನ ದ್ರಾಕ್ಷಿ ಸೀಮೆಯಲ್ಲಿ ಸ್ವಲ್ಪ ನಡೆದು, ಸ್ವಲ್ಪ ಸೈಕಲ್ ತುಳಿದು, ವೈನ್ ರುಚಿ ನೋಡಿ ಬರುವ ಆಸೆ. ಮೂವರಿಗೂ ಗೇರ್ ಸೈಕಲ್ ಇದೆ, 30–40 ಕಿ.ಮೀ. ತುಳಿದು ಅಭ್ಯಾಸವಿದೆ. ವೈನ್ ಬಗ್ಗೆ ಮಾತ್ರ ಏನೂ ಗೊತ್ತಿಲ್ಲ. ಹೆಂಡತಿ ಶುದ್ಧ ಸಸ್ಯಾಹಾರಿ. ಇದು ಆಗುವ ಮಾತೇ? ಹೇಗೆ ಯೋಜಿಸಬೇಕು?

ಉತ್ತರ: ಆಗುತ್ತದೆ, ಅದರಲ್ಲೂ ಫೆಬ್ರುವರಿಯಲ್ಲಿ ಚೆನ್ನಾಗಿಯೇ ಆಗುತ್ತದೆ. ಆದರೆ ಹೊರಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ನಂದಿ ಸೀಮೆಯಲ್ಲಿ ದ್ರಾಕ್ಷಿ ತೋಟಗಳು ಬೇಕಾದಷ್ಟಿವೆ. ಬಾಗಿಲು ತೆರೆದು, ತೋಟ ತೋರಿಸಿ, ಲೋಟಕ್ಕೆ ಸುರಿದು ಕೊಡುವ ವೈನರಿಗಳು ಮಾತ್ರ ಬೆರಳೆಣಿಕೆಯಷ್ಟು. ನಾಸಿಕದ ಗಂಗಾಪುರ ಅಣೆಕಟ್ಟಿನ ಬಳಿ ಸುಲಾ, ಯಾರ್ಕ್, ಸೋಮಾ ಒಂದಕ್ಕೊಂದು ಹತ್ತಿರದಲ್ಲಿವೆ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು. ಇಲ್ಲಿ ಹಾಗಿಲ್ಲ. ಇಲ್ಲಿ ಎರಡು ದಿನ ಬೆಟ್ಟ, ಹಳ್ಳಿ, ತೋಟ; ಒಂದು ಮಧ್ಯಾಹ್ನ ಮಾತ್ರ ವೈನ್. ಈ ಲೆಕ್ಕ ಒಪ್ಪಿಕೊಂಡರೆ ಪ್ರವಾಸ ತುಂಬ ಸೊಗಸಾಗಿರುತ್ತದೆ. ದಿನಕ್ಕೆ ಮೂರು ವೈನರಿ ನೋಡಬೇಕೆಂದು ಹೊರಟರೆ ಹೆದ್ದಾರಿಯಲ್ಲೇ ದಿನ ಕಳೆಯುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದ ಯೋಜನೆಯೆಲ್ಲ ಅದರ ಮೇಲೆ ನಿಂತಿದೆ: ವೈನ್ ಕುಡಿದ ಮೇಲೆ ಸೈಕಲ್ ಹತ್ತಬಾರದು. ಸೈಕಲ್ ಬೆಳಿಗ್ಗೆ, ವೈನ್ ಮಧ್ಯಾಹ್ನದ ನಂತರ, ಅಲ್ಲಿಂದ ತಂಗುವ ಜಾಗಕ್ಕೆ ಆಟೊ. ಏಕೆಂಬುದಕ್ಕೆ ಲೆಕ್ಕವನ್ನು ಮುಂದೆ ಕೊಟ್ಟಿದ್ದೇನೆ.

ಕಾಲ

ಯುರೋಪಿನ ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ನಿದ್ದೆಗೆ ಹೋಗುತ್ತದೆ. ಬೆಂಗಳೂರು ಸೀಮೆ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಬಳ್ಳಿಗೆ ಇಲ್ಲಿ ನಿದ್ದೆಯೇ ಇಲ್ಲ. ಅದಕ್ಕೇ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಏಪ್ರಿಲ್ ಸುಮಾರಿಗೆ ಹಾಕುವ ಕಟಿಂಗ್ ಹೊಸ ಕಡ್ಡಿ ಬರಲೆಂದು. ಸೆಪ್ಟೆಂಬರ್–ಅಕ್ಟೋಬರಿನ ಕಟಿಂಗ್ ಹಣ್ಣಿಗೆ. ಎರಡನೆಯದು ಮುಗಿದ ಮೇಲೆ ಒಣ ಹವೆ, ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಸಿಗುತ್ತವೆ. ಹಾಗಾಗಿ ವೈನ್ ದ್ರಾಕ್ಷಿಯ ಕೊಯ್ಲು ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಬೀಳುತ್ತದೆ. ಮಳೆಗಾಲದಲ್ಲಿ ಹಣ್ಣು ಬಿಡುವಂತೆ ಮಾಡಿದರೆ ಬೂಜು ರೋಗ ಗೊಂಚಲನ್ನೇ ತಿಂದುಹಾಕುತ್ತದೆ, ಸಕ್ಕರೆಯೂ ಏರುವುದಿಲ್ಲ.

ಫೆಬ್ರುವರಿ ಎರಡನೇ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಹೋದರೆ ಬಳ್ಳಿಯಲ್ಲಿ ಹಣ್ಣು ಇರುತ್ತದೆ, ವೈನರಿಯಲ್ಲಿ ಕೆಲಸ ನಡೆಯುತ್ತಿರುತ್ತದೆ, ಹಗಲು 30–31 ಡಿಗ್ರಿ. ಮಾರ್ಚ್ ಕೊನೆಗೆ 33–34ಕ್ಕೆ ಏರುತ್ತದೆ. ಹತ್ತು ಗಂಟೆಯ ನಂತರ ಸೈಕಲ್ ತುಳಿಯುವುದು ಸುಖವಲ್ಲ. ಡಿಸೆಂಬರ್–ಜನವರಿಯಲ್ಲಿ ಹವೆ ಇನ್ನೂ ಚೆಂದ, ಅವರೆಕಾಯಿಯ ಕಾಲ ಬೇರೆ, ಆದರೆ ವೈನ್ ದ್ರಾಕ್ಷಿ ಆಗಿನ್ನೂ ಹುಳಿ ಕಾಯಿ.

ವಾರಾಂತ್ಯ ಬೇಡ. ಶನಿವಾರ, ಭಾನುವಾರ ನಸುಕಿಗೇ ಅರ್ಧ ಬೆಂಗಳೂರು ನಂದಿಗೆ ಹೊರಟಿರುತ್ತದೆ, ಬೆಟ್ಟದ ತಿರುವುಗಳಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಮಂಗಳವಾರದಿಂದ ಗುರುವಾರದವರೆಗೆ ಇಟ್ಟುಕೊಳ್ಳಿ. ಜೊತೆಗೆ ಮದ್ಯ ಮಾರಾಟ ನಿಷೇಧದ ದಿನಗಳನ್ನೂ ನೋಡಿಕೊಳ್ಳಿ. ಚುನಾವಣೆ ಇದ್ದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಮಾರಾಟವಿಲ್ಲ, ವೈನರಿಯ ರುಚಿ ಕೋಣೆಗೂ ಇದು ಅನ್ವಯಿಸುತ್ತದೆ.

ಮೊದಲ ದಿನ: ಯಲಹಂಕದಿಂದ ನಂದಿ ಗ್ರಾಮ

ಯಲಹಂಕದಿಂದ ದೇವನಹಳ್ಳಿ ಮೇಲೆ ನಂದಿ ಗ್ರಾಮಕ್ಕೆ 40–45 ಕಿ.ಮೀ. ಬಸವನಗುಡಿಯಿಂದಲೇ ತುಳಿಯಬೇಡಿ, ಹೆಬ್ಬಾಳದ ಗೋಜಲಿನಲ್ಲಿ ಒಂದೂವರೆ ಗಂಟೆ ಮತ್ತು ಅರ್ಧ ಉತ್ಸಾಹ ಹೋಗುತ್ತದೆ. ಹಿಂದಿನ ರಾತ್ರಿಯೇ ಮೂರು ಸೈಕಲ್‌ಗಳನ್ನು ಟಾಟಾ ಏಸ್‌ನಲ್ಲಿ ಹಾಕಿ ಯಲಹಂಕದ ಪರಿಚಿತರ ಮನೆಗೆ ಕಳಿಸಿ, ಅಥವಾ ಬೆಳಗಿನ ಜಾವ ನೀವೂ ಅದರಲ್ಲೇ ಹೋಗಿ. ಐದೂವರೆಗೆ ಪೆಡಲ್ ಮೇಲೆ ಕಾಲಿರಲಿ. ವಿಮಾನ ನಿಲ್ದಾಣದ ಟ್ಯಾಕ್ಸಿಗಳು ಆ ಹೊತ್ತಿಗೆ ಬಾಣದಂತೆ ಹೋಗುತ್ತಿರುತ್ತವೆ, ಆದ್ದರಿಂದ ಸರ್ವಿಸ್ ರಸ್ತೆ ಇರುವ ಕಡೆಯೆಲ್ಲ ಅದನ್ನೇ ಹಿಡಿಯಿರಿ. ಹಿಂದೆ ಕೆಂಪು ಮಿನುಗು ದೀಪ, ಮುಂದೆ ಬಿಳಿ ದೀಪ, ಮೈಮೇಲೆ ಹೊಳೆಯುವ ಪಟ್ಟಿ ಇರಲೇಬೇಕು. ಮೂವರೂ ಒಬ್ಬರ ಹಿಂದೆ ಒಬ್ಬರು ಹೋಗಿ.

ದೇವನಹಳ್ಳಿಯಲ್ಲಿ ತಿಂಡಿಗೆ ನಿಂತು ಕೋಟೆಯೊಳಗೆ ಹತ್ತು ನಿಮಿಷ ಸುತ್ತಿ. ಟಿಪ್ಪು ಹುಟ್ಟಿದ ಊರು ಇದು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ; ಎಲ್ಲಾದರೂ ಸಿಕ್ಕರೆ ಒಂದು ತೆಗೆದುಕೊಳ್ಳಿ, ಬಿಸಿಲಲ್ಲಿ ಅದರಷ್ಟು ದಾಹ ತೀರಿಸುವ ಹಣ್ಣು ಕಡಿಮೆ. ಹೆದ್ದಾರಿ ಬಿಟ್ಟು ನಂದಿ ಗ್ರಾಮದ ಕಡೆ ತಿರುಗಿದ ಮೇಲೆ ದ್ರಾಕ್ಷಿ ಚಪ್ಪರಗಳು, ಹಿಪ್ಪುನೇರಳೆ, ಹೂವಿನ ತೋಟಗಳು ಕಾಣಿಸುತ್ತವೆ. ಒಂಬತ್ತೂವರೆ, ಹತ್ತಕ್ಕೆ ಊರು ತಲುಪುತ್ತೀರಿ.

ಸೈಕಲ್ ತುಳಿಯಲು ಇಷ್ಟವಿಲ್ಲದ ದಿನ ಇದೇ ಜಾಗಕ್ಕೆ ರೈಲಿನಲ್ಲಿ ಬರಬಹುದು. ಬೆಂಗಳೂರು–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಹಳೆಯ ಪುಟ್ಟ ನಿಲ್ದಾಣವಿದೆ. ರೈಲುಗಳು ದಿನಕ್ಕೆ ಕೆಲವೇ, ಹೊರಡುವ ಹಿಂದಿನ ದಿನ ವೇಳೆ ನೋಡಿಕೊಳ್ಳಿ.

ಮಧ್ಯಾಹ್ನ ಮಲಗಿ, ಬಿಸಿಲು ಇಳಿದ ಮೇಲೆ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಒಂಬತ್ತನೇ ಶತಮಾನದಿಂದ ವಿಜಯನಗರದ ಕಾಲದವರೆಗೆ ಬೆಳೆಯುತ್ತ ಬಂದ ಗುಡಿ ಇದು. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತರೆ ಹಿಂದೆಯೇ ಬೆಟ್ಟ. ಇನ್ನೂ ಕಾಲಿನಲ್ಲಿ ಬಲವಿದ್ದರೆ ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿಗೆ ಸೈಕಲ್‌ನಲ್ಲಿ ಹೋಗಿಬನ್ನಿ. ರಾತ್ರಿ ತಂಗಲು ಚಿಕ್ಕಬಳ್ಳಾಪುರದಲ್ಲಿ ಲಾಡ್ಜ್‌ಗಳಿವೆ, ತಪ್ಪಲಲ್ಲಿ ಹೋಮ್‌ಸ್ಟೇಗಳಿವೆ. ಬುಕ್ ಮಾಡುವಾಗಲೇ ಕೇಳಿ: ಸೈಕಲ್ ಒಳಗೆ ಇಡಲು ಜಾಗ ಇದೆಯೇ, ಬೆಳಗಿನ ಐದಕ್ಕೆ ಗೇಟ್ ತೆಗೆಯುತ್ತಾರೆಯೇ. ಎರಡನೆಯದನ್ನು ಕೇಳದೆ ಹೋದವರು ಕಾವಲುಗಾರನನ್ನು ಎಬ್ಬಿಸುತ್ತ ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ.

ಎರಡನೇ ದಿನ: ನಡಿಗೆ

ಈ ದಿನ ಸೈಕಲ್‌ಗೆ ರಜೆ. ಸುಲ್ತಾನ್‌ಪೇಟೆಯ ಕಡೆಯಿಂದ ನಂದಿಬೆಟ್ಟಕ್ಕೆ ಹಳೆಯ ಕಲ್ಲುಮೆಟ್ಟಿಲ ದಾರಿ ಇದೆ, ಸುಮಾರು 1,175 ಮೆಟ್ಟಿಲು ಎನ್ನುತ್ತಾರೆ. ಬೆಟ್ಟದ ನೆತ್ತಿ 1,478 ಮೀಟರ್. ನಿಧಾನವಾಗಿ ಹತ್ತಿದರೆ ಒಂದೂವರೆಯಿಂದ ಎರಡು ಗಂಟೆ. ಮೆಟ್ಟಿಲುಗಳು ಒಂದೇ ಎತ್ತರದಲ್ಲಿಲ್ಲ, ಕೆಲವು ಕಡೆ ಕಿತ್ತುಹೋಗಿವೆ. ಮುಂಜಾನೆಯ ಮಂಜಿಗೆ ಕಲ್ಲು ಜಾರುತ್ತದೆ. ಸವೆದ ಅಟ್ಟೆಯ ರನ್ನಿಂಗ್ ಶೂ ಬೇಡ, ಹಿಡಿತವಿರುವುದು ಬೇಕು. ಮೊಣಕಾಲಿಗೆ ಕಷ್ಟವಾಗುವುದು ಹತ್ತುವಾಗಲ್ಲ, ಇಳಿಯುವಾಗ. ಮೂರನೇ ದಿನ ಮತ್ತೆ ಸೈಕಲ್ ಇರುವುದರಿಂದ, ಹತ್ತಿ ಹೋಗಿ ವಾಹನದಲ್ಲಿ ಇಳಿಯುವುದು ಜಾಣತನ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ನೇರವಾಗಿ ಕೈಗೇ ಬರುತ್ತವೆ.

ಮೇಲೆ ಯೋಗನಂದೀಶ್ವರ ಗುಡಿ, ಅಮೃತ ಸರೋವರ, ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆ, ಬ್ರಿಟಿಷ್ ಕಮಿಷನರ್ ಕಬ್ಬನ್ ಕಾಲದ ಬಂಗಲೆ ನೆಹರು ನಿಲಯ ಇವೆ. 1986ರಲ್ಲಿ ಬೆಂಗಳೂರಿನಲ್ಲಿ ನಡೆದ ಸಾರ್ಕ್ ಶೃಂಗಸಭೆಯ ನಾಯಕರನ್ನು ಕರೆತಂದದ್ದು ಇಲ್ಲಿಗೇ. ಎಂಟು ಗಂಟೆಯ ಹೊತ್ತಿಗೆ ಮಂಜು ಸರಿದಾಗ ಕೆಳಗೆ ನೋಡಿ. ಹಸಿರು ಚಪ್ಪರದ ಚೌಕಗಳು, ಕೆರೆಗಳು, ಅಲ್ಲಲ್ಲಿ ಬಿಳಿ ಪಾಲಿಹೌಸ್‌ಗಳು. ಈ ನೆಲಕ್ಕೆ ಕೊಳವೆಬಾವಿಯ ನೀರೇ ಆಧಾರ.

ಸ್ಕಂದಗಿರಿ ಅಥವಾ ಮಾಕಳಿದುರ್ಗ ಹತ್ತುವ ಮನಸ್ಸಾದರೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು, ಸ್ಥಳದಲ್ಲಿ ಟಿಕೆಟ್ ಸಿಗುತ್ತದೆಂದು ನಂಬಿ ಹೋಗಬೇಡಿ. ಮಾಕಳಿದುರ್ಗದ ಬುಡದಲ್ಲಿ ರೈಲು ಹಳಿಯ ಮೇಲೆ ನಡೆದು ಹೋಗುವ ರೂಢಿ ಇದೆ. ಅದನ್ನು ಮಾಡಬೇಡಿ. ತಿರುವಿನಲ್ಲಿ ರೈಲು ಬರುವುದು ಕಾಣುವುದಿಲ್ಲ, ಕಾನೂನಿನ ಪ್ರಕಾರವೂ ತಪ್ಪು.

ಮಧ್ಯಾಹ್ನದ ನಂತರ ನಂದಿ ಗ್ರಾಮದ ಸುತ್ತ ತೋಟಗಳ ನಡುವಿನ ಬಂಡಿದಾರಿಯಲ್ಲಿ ಎರಡು ಗಂಟೆ ಸುಮ್ಮನೆ ನಡೆಯಿರಿ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಕಲಿಯುವುದು ಇಲ್ಲೇ.

ತಲೆಯ ಮೇಲೆ ಕಲ್ಲುಕಂಬ, ತಂತಿಯ ಚಪ್ಪರ, ಕೆಳಗೆ ನೆರಳು, ಕಪ್ಪು ನೀಲಿ ಗೊಂಚಲು ಜೋತಾಡುತ್ತಿದ್ದರೆ ಅದು ಬಹುಮಟ್ಟಿಗೆ ಬೆಂಗಳೂರು ನೀಲಿ, ಇಲ್ಲಿಯವರ ಬಾಯಲ್ಲಿ ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಈ ತಳಿಗೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತವಿರುವ ಗಟ್ಟಿ ಬಳ್ಳಿ. ರೋಗ ತಡೆಯುತ್ತದೆ, ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಹಣ್ಣು ಒತ್ತಿದರೆ ಸಿಪ್ಪೆ ಬಿಟ್ಟು ತಿರುಳು ಜಾರಿ ಬಾಯಿಗೆ ಬೀಳುತ್ತದೆ, ಒಳಗೆ ಬೀಜ. ನಾವೆಲ್ಲ ದ್ರಾಕ್ಷಿ ಜ್ಯೂಸ್ ಎಂದು ಗುರುತಿಸುವ ಆ ಘಮ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವಿನದು. ಲಬ್ರುಸ್ಕಾ ದ್ರಾಕ್ಷಿಯಲ್ಲಿ ಅದು ಹೇರಳ, ಯುರೋಪಿನ ವೈನ್ ದ್ರಾಕ್ಷಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಗ್ಗದ ಸಿಹಿ ಪೋರ್ಟ್ ವೈನ್ ಬಾಟಲಿಯಲ್ಲಿ ಬರುವ ವಾಸನೆಯೂ ಇದೇ.

ವೈನ್ ದ್ರಾಕ್ಷಿಯ ತೋಟ ನೋಡಿದ ಕೂಡಲೇ ಬೇರೆಯೆಂದು ತಿಳಿಯುತ್ತದೆ. ಬಳ್ಳಿಗಳು ಎದೆಯೆತ್ತರದ ತಂತಿಯ ಮೇಲೆ ಸಾಲಾಗಿ ನಿಂತಿರುತ್ತವೆ, ಕಾಳು ಚಿಕ್ಕದು, ಸಿಪ್ಪೆ ದಪ್ಪ. ಕಾಳು ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಬಣ್ಣ, ಒಗರು, ಘಮ ಇರುವುದು ಸಿಪ್ಪೆಯಲ್ಲೇ.

ತೋಟದೊಳಗೆ ಹೆಜ್ಜೆ ಇಡುವ ಮೊದಲು ಯಜಮಾನರನ್ನು ಕೇಳಿ. ‘ಸ್ವಲ್ಪ ನೋಡ್ಕೊಂಡು ಹೋಗ್ಬಹುದಾ ಅಣ್ಣಾ’ ಎಂದರೆ ಬೇಡ ಎನ್ನುವವರು ಕಡಿಮೆ. ಎಲೆಯ ಮೇಲೆ ನೀಲಿ ಛಾಯೆಯ ಕಲೆ ಇದ್ದರೆ ಅದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಬೇರೆ ಔಷಧಿಗಳಿಗೆ ಕಲೆಯೂ ಇರುವುದಿಲ್ಲ. ಆದ್ದರಿಂದ ಬಳ್ಳಿಯಿಂದ ಕಿತ್ತು ಹಾಗೇ ಬಾಯಿಗೆ ಹಾಕಬೇಡಿ. ರೈತರಿಂದ ಒಂದೆರಡು ಕಿಲೊ ಕೊಂಡು, ತೊಳೆದು ತಿನ್ನಿ. ಹಿಪ್ಪುನೇರಳೆ ತೋಟ ಪಕ್ಕದಲ್ಲಿದ್ದರೆ ಅಲ್ಲಿ ಕೈ ಹಾಕಲೇಬೇಡಿ. ದ್ರಾಕ್ಷಿಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಆ ಸೊಪ್ಪಿನ ಮೇಲೆ ಕುಳಿತರೆ ರೇಷ್ಮೆ ಹುಳು ಸಾಯುತ್ತದೆ. ಅಕ್ಕಪಕ್ಕದ ರೈತರ ನಡುವೆ ಇದು ನಿಜವಾದ ತಲೆನೋವು, ಕೇಳಿದರೆ ಅವರೇ ಬಿಡಿಸಿ ಹೇಳುತ್ತಾರೆ.

ಮೂರನೇ ದಿನ: ಸೈಕಲ್, ಆಮೇಲೆ ವೈನ್

ಬೆಳಿಗ್ಗೆ ಆರಕ್ಕೆ ನಂದಿ ಬಿಟ್ಟು, ಬೆಟ್ಟವನ್ನು ಬಳಸಿ ಕಾರಹಳ್ಳಿ ಕ್ರಾಸ್, ಅಲ್ಲಿಂದ ವಿಶ್ವನಾಥಪುರದ ಕಡೆ ಇಳಿದು ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆ ಸೇರಿ, ದೊಡ್ಡಬಳ್ಳಾಪುರ. ಹಳ್ಳಿದಾರಿಗಳನ್ನು ಆಯ್ದಂತೆ ದೂರ ಬದಲಾಗುತ್ತದೆ, 35–40 ಕಿ.ಮೀ. ಎಂದಿಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಫೋನಿನಲ್ಲಿ ನಕ್ಷೆ ಇಳಿಸಿಕೊಂಡಿರಿ.

ಕಾರಹಳ್ಳಿ ಕ್ರಾಸ್‌ನಿಂದ ನಂದಿಬೆಟ್ಟದ ಗೇಟಿನವರೆಗೆ ಬೆಂಗಳೂರಿನ ಸೈಕ್ಲಿಸ್ಟ್‌ಗಳೆಲ್ಲ ತಮ್ಮನ್ನು ಅಳೆದುಕೊಳ್ಳುವ ಏರು: 7–8 ಕಿ.ಮೀ., 400 ಮೀಟರ್‌ಗೂ ಹೆಚ್ಚು ಎತ್ತರ, ಮೇಲೆ ಹೋದಂತೆ ಕಡಿದು. ನಿಮ್ಮಲ್ಲಿ ಯಾರಿಗಾದರೂ ಆಸೆಯಿದ್ದರೆ ಬ್ಯಾಗ್‌ಗಳನ್ನು ಉಳಿದವರ ಬಳಿ ಬಿಟ್ಟು ಹತ್ತಿ. ಮುಂದಿನ ಚಿಕ್ಕ ಹಲ್ಲುಚಕ್ರ 34, ಹಿಂದಿನ ದೊಡ್ಡದು 32 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸಾಮಾನ್ಯ ಅಭ್ಯಾಸದವರೂ ಇಳಿಯದೆ ಹತ್ತಬಹುದು. ಮೊದಲ ಎರಡು ಕಿಲೊಮೀಟರ್ ಬೇಕೆಂದೇ ನಿಧಾನ ಹೋಗಿ. ಅಲ್ಲಿ ಉಸಿರು ಕಳೆದುಕೊಂಡವರು ಕೊನೆಯ ಕಡಿದಾದ ತಿರುವುಗಳಲ್ಲಿ ಸೈಕಲ್ ತಳ್ಳುತ್ತಾರೆ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿಟ್ಟರೆ ರಿಮ್ ಕಾದು ಟ್ಯೂಬ್ ಒಡೆಯಬಹುದು, ಡಿಸ್ಕ್ ಆದರೆ ಹಿಡಿತ ಸಡಿಲವಾಗುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಬಲವಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ.

ಬ್ಯಾಗ್ ಬೆನ್ನ ಮೇಲಿದ್ದರೆ 20 ಕಿ.ಮೀ. ಆದಮೇಲೆ ಕುತ್ತಿಗೆ, ಭುಜ ಹಿಡಿಯುತ್ತವೆ, ಬೆನ್ನು ಬೆವರಿನಲ್ಲಿ ನೆನೆಯುತ್ತದೆ. ಹಿಂದೆ ಕ್ಯಾರಿಯರ್ ಹಾಕಿಸಿ, ಬ್ಯಾಗನ್ನು ಅದರ ಮೇಲೆ ಮಲಗಿಸಿ ಎರಡು ಕಡೆ ರಬ್ಬರ್ ಹಗ್ಗ ಬಿಗಿಯಿರಿ. ಬ್ಯಾಗಿನ ಜೋತಾಡುವ ಪಟ್ಟಿಗಳನ್ನೆಲ್ಲ ಗಂಟು ಹಾಕಿ ಒಳಗೆ ಸಿಕ್ಕಿಸಿ. ಅದೊಂದು ಪಟ್ಟಿ ಕಡ್ಡಿಗೆ ಸುತ್ತಿಕೊಂಡರೆ ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತದೆ. ಒಬ್ಬರ ಸಾಮಾನು 6 ಕಿಲೊ ಮೀರದಿರಲಿ.

ಟೈರ್ 32ರಿಂದ 40 ಮಿ.ಮೀ. ಅಗಲವಿದ್ದರೆ ಸಾಕು. 35 ಮಿ.ಮೀ. ಟೈರಿಗೆ, ಸಾಮಾನು ಸಹಿತ, ಹಿಂದೆ 55–60, ಮುಂದೆ 45–50 ಪಿಎಸ್‌ಐ ಗಾಳಿ. ಈ ಸೀಮೆಯಲ್ಲಿ ಪಂಕ್ಚರ್ ಆಗುವುದು ಹೆದ್ದಾರಿಯಲ್ಲಲ್ಲ, ತೋಟದ ದಾರಿಯಲ್ಲಿ. ಬೇಲಿಗೆ ಹಾಕಿದ ಜಾಲಿ ಮುಳ್ಳು ಒಣಗಿ ದಾರಿಗೆ ಬಿದ್ದಿರುತ್ತದೆ. ಮುಳ್ಳು ಟೈರಿನೊಳಗೇ ಮುರಿದು ಕುಳಿತಿದ್ದರೆ ಹೊಸ ಟ್ಯೂಬೂ ಐದೇ ನಿಮಿಷಕ್ಕೆ ಹೋಗುತ್ತದೆ. ಆದ್ದರಿಂದ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸುತ್ತ ಹೋಗಿ, ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು ಇದೆ. ಪ್ರತಿ ಸೈಕಲ್‌ಗೆ ಎರಡು ಟ್ಯೂಬ್, ಎಲ್ಲರಿಗೂ ಸೇರಿ ಒಂದು ಪಂಪ್, ತೇಪೆ ಡಬ್ಬಿ, ಟೈರ್ ಲಿವರ್, ಅಲೆನ್ ಕೀ.

ನೀರು ಗಂಟೆಗೆ 500–750 ಮಿ.ಲೀ. ಬೆವರು ಹೆಚ್ಚಿದ ದಿನ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸದೆ ಇಳಿದು, ಸೈಕಲನ್ನು ನಾಯಿಗೂ ನಿಮಗೂ ನಡುವೆ ಇಟ್ಟು ನಡೆಯಿರಿ. ಬಹಳಷ್ಟು ಸಲ ಅಲ್ಲಿಗೇ ನಿಲ್ಲುತ್ತದೆ.

ಹತ್ತು ಗಂಟೆಗೆ ದೊಡ್ಡಬಳ್ಳಾಪುರ. ಲಾಡ್ಜ್‌ನಲ್ಲಿ ಕೋಣೆ ಹಿಡಿದು ಸೈಕಲ್ ಒಳಗಿಡಿ, ಸ್ನಾನ ಮಾಡಿ, ಊಟ ಮಾಡಿ, ಒಂದು ಗಂಟೆ ಮಲಗಿ. ವೈನರಿಗೆ ಮಧ್ಯಾಹ್ನದ ಸರದಿಗೆ ಬುಕ್ ಮಾಡಿ, ಆಟೊದಲ್ಲಿ ಹೋಗಿ, ಅದೇ ಆಟೊದವರಿಗೆ ಮರಳಿ ಬರಲೂ ಹೇಳಿಡಿ. ಸಂಜೆ ಆ ರಸ್ತೆಯಲ್ಲಿ ಖಾಲಿ ಆಟೊ ಸುಲಭವಾಗಿ ಸಿಗುವುದಿಲ್ಲ. ಆ ರಾತ್ರಿ ಅಲ್ಲೇ ತಂಗಿ ಮರುದಿನ ನಸುಕಿಗೆ ಯಲಹಂಕಕ್ಕೆ ತುಳಿಯುವುದು ಉತ್ತಮ. ರಜೆ ಮುಗಿದಿದ್ದರೆ ಸೈಕಲ್‌ಗಳನ್ನು ಟಾಟಾ ಏಸ್‌ನಲ್ಲಿ ಕಳಿಸಿ, ನೀವು ಬಸ್ಸಿನಲ್ಲೋ ರೈಲಿನಲ್ಲೋ ಬನ್ನಿ.

ಕುಡಿದು ತುಳಿಯಬಾರದೇಕೆ

ರುಚಿ ಕೋಣೆಯಲ್ಲಿ ಸಾಮಾನ್ಯವಾಗಿ ಐದಾರು ವೈನ್ ಕೊಡುತ್ತಾರೆ, ಒಂದೊಂದೂ 30–50 ಮಿ.ಲೀ. ಆರು ಸಲ 40 ಮಿ.ಲೀ. ಎಂದರೆ 240 ಮಿ.ಲೀ. ಶೇ 13ರ ವೈನ್ ಆದರೆ ಅದರಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್. 60 ಕಿಲೊ ತೂಕದ ಗಂಡಸಿನ ರಕ್ತದಲ್ಲಿ ಅದು 100 ಮಿ.ಲೀ.ಗೆ ಹತ್ತಿರ ಹತ್ತಿರ 60 ಮಿಲಿಗ್ರಾಂ ಆಗಬಹುದು. ಅಷ್ಟೇ ತೂಕದ ಹೆಂಗಸಿನಲ್ಲಿ ಇನ್ನೂ ಹೆಚ್ಚು, ಏಕೆಂದರೆ ದೇಹದಲ್ಲಿ ನೀರಿನ ಪಾಲು ಕಡಿಮೆ. ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಅಂದರೆ ‘ಬರೀ ರುಚಿ ನೋಡಿದ್ದು’ ಕೂಡ ಮಿತಿಯ ಎರಡರಷ್ಟು. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ, ಪೂರ್ತಿ ಇಳಿಯಲು ನಾಲ್ಕು ಗಂಟೆ ಬೇಕು. ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಇದನ್ನು ಬೇಗ ಮಾಡಿಸುವುದಿಲ್ಲ. ಕಾರು, ಬೈಕು ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸೈಕಲ್ ಮೋಟಾರು ವಾಹನವಲ್ಲ ನಿಜ, ಆದರೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಲಾರಿ ಹಿಂದಿನಿಂದ ಬಂದಾಗ ಕಾಯ್ದೆಯ ಕಲಂ ಕಾಪಾಡುವುದಿಲ್ಲ. ಅದರ ಮೇಲೆ ಬಿಸಿಲಲ್ಲಿ ಬೆವರಿದ ದೇಹದಲ್ಲಿ ನೀರು ಮೊದಲೇ ಕಡಿಮೆಯಾಗಿರುತ್ತದೆ, ವೈನ್ ಮೂತ್ರ ಹೆಚ್ಚಿಸಿ ಇನ್ನಷ್ಟು ಕಳೆಯುತ್ತದೆ. ಆ ಸಂಜೆಯ ತಲೆನೋವಿಗೆ ಅರ್ಧ ಕಾರಣ ಇದೇ. ಸೈಕಲ್ ಇಳಿದು ವೈನ್ ಮುಟ್ಟುವ ನಡುವೆ ಒಂದು ಲೀಟರ್ ನೀರು ಒಳಗೆ ಹೋಗಿರಲಿ.

ರುಚಿ ನೋಡುವುದು

ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿರುವ ಗ್ರೋವರ್ ಜಂಪಾ ಈ ಸೀಮೆಯ ಹಿರಿಯ ಸಂಸ್ಥೆ. ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ್ದು, ಮುಂದೆ ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಷೆಲ್ ರೊಲಾಂ ಸಲಹೆಗಾರರಾಗಿದ್ದರು. ನಿಮಗೆ ಅನುಕೂಲದ ಜಾಗ ಇದೇ. ಫೋನ್ ಮಾಡಿ ಸರದಿ ಕಾಯ್ದಿರಿಸಿ, ವಯಸ್ಸು 21 ದಾಟಿದೆ ಎಂದು ತೋರಿಸಲು ಗುರುತಿನ ಚೀಟಿ ಒಯ್ಯಿರಿ. ಮೈಸೂರು ರಸ್ತೆಯ ಚನ್ನಪಟ್ಟಣದಲ್ಲಿ ಹೆರಿಟೇಜ್ ವೈನರಿ ಇದೆ, ಆದರೆ ಅದು ಬೆಂಗಳೂರಿನ ಆಚೆ ಮಗ್ಗುಲು. ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಆ ದಿನ ಸೆಂಟ್ ಬೇಡ, ಘಮದ ಸನ್‌ಸ್ಕ್ರೀನ್ ಬೇಡ, ತಲೆಗೆ ಮಲ್ಲಿಗೆಯೂ ಬೇಡ. ಮಲ್ಲಿಗೆಯ ಪಕ್ಕದಲ್ಲಿ ಯಾವ ವೈನಿನ ಘಮವೂ ನಿಲ್ಲುವುದಿಲ್ಲ, ನಿಮ್ಮದಷ್ಟೇ ಅಲ್ಲ, ಪಕ್ಕದವರದ್ದೂ ಹಾಳು. ಊಟ ಹೊಟ್ಟೆ ತುಂಬ ಮಾಡಿ, ಆದರೆ ಖಾರ ಕಡಿಮೆ ಇರಲಿ: ಮುದ್ದೆ, ಸೊಪ್ಪಿನ ಸಾರು, ಅನ್ನ, ಮೊಸರು ಒಳ್ಳೆಯದು. ಖಾರದ ಉರಿ ಇರುವ ಬಾಯಿಗೆ ಕೆಂಪು ವೈನಿನ ಒಗರು, ಆಲ್ಕೋಹಾಲಿನ ಬಿಸಿ ಎರಡೂ ಹೆಚ್ಚಾಗಿ ತಾಗುತ್ತವೆ. ಫಿಲ್ಟರ್ ಕಾಫಿ, ಎಲೆ ಅಡಿಕೆ, ಪುದೀನ ಮಿಠಾಯಿ ಒಂದು ಗಂಟೆ ಮೊದಲೇ ನಿಲ್ಲಿಸಿ.

ಮೊದಲು ತೋಟ, ಆಮೇಲೆ ಒಳಗೆ ಕರೆದೊಯ್ಯುತ್ತಾರೆ. ಕೊಯ್ಲಿನ ಕಾಲವಾದ್ದರಿಂದ ಕಾಳು ಬಿಡಿಸುವ ಯಂತ್ರ, ಸ್ಟೀಲ್ ಟ್ಯಾಂಕ್‌ಗಳು ಕೆಲಸದಲ್ಲಿರುತ್ತವೆ. ಬಿಳಿ ವೈನಿಗೆ ರಸ ಮಾತ್ರ ಹುಳಿಯುತ್ತದೆ, ಟ್ಯಾಂಕನ್ನು 14–18 ಡಿಗ್ರಿಗೆ ತಣ್ಣಗಿಡುತ್ತಾರೆ. ಇಲ್ಲದಿದ್ದರೆ ನಮ್ಮ ಸೆಕೆಗೆ ಘಮವೆಲ್ಲ ಹಾರಿಹೋಗುತ್ತದೆ. ಕೆಂಪಿಗೆ ಸಿಪ್ಪೆ ಸಮೇತ, ಹೆಚ್ಚು ಬಿಸಿಯಲ್ಲಿ. ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಹಲವು ಸಲ ರಸದೊಳಗೆ ಅದ್ದಬೇಕು. ಇಂಥ ಟ್ಯಾಂಕಿನೊಳಗೆ ತಲೆ ಹಾಕಿ ಮೂಸಬೇಡಿ, ಅಲ್ಲಿ ತುಂಬಿರುವುದು ಇಂಗಾಲದ ಡೈಆಕ್ಸೈಡ್, ಒಂದೇ ಉಸಿರಿಗೆ ತಲೆ ತಿರುಗುತ್ತದೆ. ಕೊಯ್ದ ದ್ರಾಕ್ಷಿ ಎಷ್ಟು ಬ್ರಿಕ್ಸ್ (ರಸದಲ್ಲಿರುವ ಸಕ್ಕರೆಯ ಅಳತೆ) ಎಂದು ಕೇಳಿ. 22–24 ಎಂದರೆ ಹೆಚ್ಚುಕಡಿಮೆ ಶೇ 12.5–14 ಆಲ್ಕೋಹಾಲ್ ಬರುತ್ತದೆ, ಏಕೆಂದರೆ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಶೇ 1 ಆಲ್ಕೋಹಾಲ್ ಆಗುತ್ತದೆ.

ರುಚಿಯ ಕ್ರಮ: ಬುರುಗಿನದು, ಬಿಳಿ, ರೋಸೆ (ತಿಳಿ ಗುಲಾಬಿ ಬಣ್ಣದ್ದು), ಕೆಂಪು, ಕೊನೆಗೆ ಸಿಹಿ. ಲೋಟದ ಕಾಂಡ ಹಿಡಿಯಿರಿ. ಮೊದಲು ಅಲುಗಾಡಿಸದೆ ಒಮ್ಮೆ ಮೂಸಿ, ಆಮೇಲೆ ತಿರುಗಿಸಿ ಮತ್ತೊಮ್ಮೆ. ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಂಡು ನಾಲಿಗೆಯ ಮೇಲೆಲ್ಲ ಹರಿಸಿ, ಐದು ಸೆಕೆಂಡು ಇಟ್ಟು, ಪಾತ್ರೆಗೆ ಉಗುಳಿ. ನಮ್ಮಲ್ಲಿ ಉಗುಳಲು ಸಂಕೋಚಪಡುತ್ತಾರೆ. ವೈನ್ ಬಲ್ಲವರೆಲ್ಲ ಉಗುಳುತ್ತಾರೆ, ಪಾತ್ರೆ ಇಟ್ಟಿರುವುದೇ ಅದಕ್ಕೆ, ಕಾಣದಿದ್ದರೆ ಕೇಳಿ. ಇಷ್ಟವಾದ ಒಂದನ್ನು ಕೊನೆಯಲ್ಲಿ ನಿಧಾನವಾಗಿ ಕುಡಿಯಿರಿ.

ಏನನ್ನು ಹುಡುಕಬೇಕು? ವಿದೇಶಿ ಹಣ್ಣುಗಳ ಹೆಸರು ಬಾಯಿಪಾಠ ಮಾಡಬೇಕಿಲ್ಲ. ಸೊವಿನ್ಯೊ ಬ್ಲಾಂ ಎಂಬ ಬಿಳಿ ವೈನಿನಲ್ಲಿ ಸೀಬೆಹಣ್ಣು, ಆಗಷ್ಟೇ ಹೆಚ್ಚಿದ ದಪ್ಪ ಮೆಣಸಿನಕಾಯಿ. ಶಿರಾಜ್ ಎಂಬ ಕೆಂಪು ವೈನಿನಲ್ಲಿ ನೇರಳೆಹಣ್ಣು ಮತ್ತು ಕಾಳುಮೆಣಸು. ಕಾಳುಮೆಣಸಿನಲ್ಲಿರುವ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ಸಿಪ್ಪೆಯಲ್ಲೂ ಇದೆ. ಓಕ್ ಪೀಪಾಯಿಯಲ್ಲಿ ಇಟ್ಟದ್ದಾದರೆ ವೆನಿಲ್ಲಾ, ಲವಂಗ. ಬಿಳಿಯಲ್ಲಿ ಹುಳಿ ಬಾಯಿಯಲ್ಲಿ ನೀರೂರಿಸುತ್ತದೆಯೇ, ಕೆಂಪಿನಲ್ಲಿ ಒಗರು ಒಸಡನ್ನು ಎಷ್ಟು ಹಿಡಿಯುತ್ತದೆ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ. ಈ ಮೂರನ್ನು ಗಮನಿಸಿದರೆ ಮೊದಲ ಸಲಕ್ಕೆ ಸಾಕು. ಒದ್ದೆ ಗೋಣಿಚೀಲದ ವಾಸನೆ ಬಂದರೆ ಬಿರಡೆಯ ದೋಷ, ಉಗುರು ಬಣ್ಣದ ವಾಸನೆ ಬಂದರೆ ವೈನ್ ಕೆಡುತ್ತಿದೆ. ಹಣ್ಣು ಬೇಯಿಸಿದ ಜಾಮ್‌ನಂತೆ ಮಂಕಾಗಿದ್ದರೆ ಬಾಟಲಿ ಸೆಕೆ ತಿಂದಿದೆ, ನಮ್ಮ ಊರಿನ ಅಂಗಡಿಗಳಲ್ಲಿ ಹೆಚ್ಚು ಕಾಣುವ ದೋಷ ಇದು.

ಹೆಂಡತಿಯವರ ವಿಷಯ. ವೈನ್ ದ್ರಾಕ್ಷಿಯದೇ ಆದರೂ, ತಿಳಿಯಾಗಿಸಲು ಕೆಲವೊಮ್ಮೆ ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಅಥವಾ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಬಳಸುತ್ತಾರೆ. ಬೆಂಟೊನೈಟ್ ಬಳಸಿದ್ದರೆ ಅದು ಜೇಡಿಮಣ್ಣು, ಚಿಂತೆಯಿಲ್ಲ. ‘ಈ ವೈನನ್ನು ಯಾವುದರಿಂದ ತಿಳಿ ಮಾಡಿದ್ದೀರಿ’ ಎಂದು ಬುಕ್ ಮಾಡುವಾಗಲೇ ಒಂದೊಂದಕ್ಕೂ ಕೇಳಿ, ರುಚಿ ಕೋಣೆಯಲ್ಲಿ ಸುರಿಯುವವರಿಗೆ ಅದು ಗೊತ್ತಿರದೆ ಇರಬಹುದು.

ಬಾಟಲಿ ಕೊಂಡರೆ ಒಬ್ಬರಿಗೆ ಒಂದು ಸಾಕು. ತುಂಬಿದ 750 ಮಿ.ಲೀ. ಬಾಟಲಿ 1.2–1.3 ಕಿಲೊ ತೂಗುತ್ತದೆ. ಒದ್ದೆ ಟವೆಲ್ ಸುತ್ತಿ, ಅದರ ಮೇಲೆ ಒಣಬಟ್ಟೆ ಸುತ್ತಿ ಬ್ಯಾಗಿನ ನಡುವೆ ಇಡಿ, ಬಿಲ್ ಜೊತೆಗಿರಲಿ. ಬಿಸಿಲಲ್ಲಿ ನಿಂತ ಟಾಟಾ ಏಸ್‌ನಲ್ಲಿ ಸೈಕಲ್ ಜೊತೆ ಕಳಿಸಬೇಡಿ. ಒಳಗಿನ ದ್ರವ ಹಿಗ್ಗಿ ಬಿರಡೆಯನ್ನು ಮೇಲೆ ತಳ್ಳುತ್ತದೆ, ವೈನ್ ಬೇಯುತ್ತದೆ. ಮನೆಯಲ್ಲಿ ಕತ್ತಲೆಯ ತಣ್ಣನೆಯ ಮೂಲೆಯಲ್ಲಿ ಮಲಗಿಸಿಡಿ, ಬೇಸಿಗೆ ಏರುವ ಮೊದಲೇ ಮುಗಿಸಿ. ಕುಡಿಯುವ ದಿನ ಬಿಳಿಯನ್ನು ಫ್ರಿಜ್‌ನಲ್ಲಿ ಎರಡು ಮೂರು ಗಂಟೆ, ಕೆಂಪನ್ನು ಅರ್ಧ ಗಂಟೆ ಇಟ್ಟು ತೆಗೆಯಿರಿ. ಬೆಂಗಳೂರಿನ ಮಾರ್ಚ್ ತಿಂಗಳ ಕೋಣೆಯ ಬಿಸಿ ಕೆಂಪಿಗೂ ಹೆಚ್ಚೇ. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿ ಇಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತದೆ.